ನೀನಂಟಿಸಿದ ಕೆಂಪು ಚುಕ್ಕೆ

ಅಪ್ಪಾ,

ಮಂಡಿನೋವು ಹೇಗಿದೆ? ನಮ್ಮ ಗುಂಪಿನವರ ಚಿತ್ರಗಳ ಪ್ರದರ್ಶನ ಸೋಮವಾರ ಮುಗಿಯುತ್ತದೆ. ಮೊನ್ನೆ ಗ್ಯಾಲರಿಯ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಏಣಿ ಚಿತ್ರಕ್ಕೆ ಕೆಂಪು ಚುಕ್ಕೆ ಯಾರು ಅಂಟಿಸಿದ್ದು? ನಾನಂತೂ ಅಲ್ಲಮ್ಮ" ಅಂದರು. ನೋಡಲು ಬಂದ ದಿನ, ಮೇಜಿನ ಮೇಲಿದ್ದ ಚುಕ್ಕೆಗಳ ಹಾಳೆಯಿಂದ ಕಿತ್ತು ಅಂಟಿಸಿದವನು ನೀನೇ ಎಂದು ಕಾವಲುಗಾರ ಹೇಳಿದ. "ಎಲ್ಲರದಕ್ಕೂ ಇದೆಯಲ್ಲಾ, ನನ್ನ ಮಗಳದ್ದೇನು ಕಡಿಮೆ?" ಅಂದೆಯಂತೆ.

ಅದು ಬಹುಮಾನದ ಗುರುತಲ್ಲಪ್ಪಾ. ಚಿತ್ರ ಮಾರಾಟವಾಗಿದೆ ಎಂದರ್ಥ. ಡಾಕ್ಟರೊಬ್ಬರು ಅದನ್ನು ಕೊಳ್ಳಲೆಂದೇ ಬಂದವರು, ಚುಕ್ಕೆ ನೋಡಿ, ಪಕ್ಕದವರ ಹೂಕುಂಡದ ಚಿತ್ರ ತೆಗೆದುಕೊಂಡು ಹೋದರು.

ಬೇಜಾರು ಮಾಡಿಕೊಳ್ಳಬೇಡ. ನಲವತ್ತು ವರ್ಷ ಊರವರ ಗೋಡೆಗೆಲ್ಲ ಬಣ್ಣ ಹೊಡೆದವನು, "ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ?" ಎಂದು ನನ್ನನ್ನು ಗದರಿದವನು, ಕದ್ದುಮುಚ್ಚಿ ಚುಕ್ಕೆ ಅಂಟಿಸಿದ್ದನ್ನು ನೆನೆದು ನಗು ತಡೆಯಲಾಗಲಿಲ್ಲ. ಚುಕ್ಕೆ ತೆಗೆದುಬಿಡಲೇ ಎಂದು ಮೇಡಂ ಕೇಳಿದರು. ಬೇಡ ಅಂದೆ. ಕೊಂಡವರ ಪಟ್ಟಿಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ.

ಮಂಗಳವಾರ ಚಿತ್ರ ತರುತ್ತೇನೆ. ನಿನ್ನ ಕುರ್ಚಿಯ ಎದುರಿನ ಗೋಡೆಯಲ್ಲಿ ಜಾಗ ಮಾಡಿಡು. ಮೊಳೆ ನಾನೇ ಹೊಡೆಯುತ್ತೇನೆ, ನೀನು ಹತ್ತಬೇಡ. ಏಣಿಯ ಮೇಲೆ ಚಿತ್ರದಲ್ಲಿರುವ ನೀನೊಬ್ಬನೇ ಸಾಕು.

ನಿನ್ನ ಮಗಳು