ಕಿಟಕಿ ಒರೆಸಿದ ಭಾನುವಾರ

ಸ್ಟುಡಿಯೋದ ಮಹಡಿ ಕೋಣೆ
೧೪ನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಜ್ಜಿ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಚಿಕ್ಕಪ್ಪ ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ಕಪಾಟಿನಲ್ಲಿಟ್ಟು ದಿನಾ ಅದರ ಮುಖ ನೋಡುತ್ತಿದ್ದೀಯೋ? ಕಿವಿಯ ಮೆಷಿನ್ ಹಾಕಿಕೊಂಡಿದ್ದರೆ ಫೋನಿನಲ್ಲೇ ಮಾತಾಡಬಹುದಿತ್ತು. ನೀನು ಅದನ್ನು ಡಬ್ಬಿಯೊಳಗೆ ಬೆಚ್ಚಗೆ ಮಲಗಿಸಿರುವುದರಿಂದ ನಾನು ಹೀಗೆ ಬರೆಯಬೇಕಾಗಿದೆ. ಬೈಯುತ್ತಿಲ್ಲ. ಬರೆಯುವುದಕ್ಕೆ ನೀನೊಬ್ಬಳಿದ್ದೀಯಲ್ಲ ಅನ್ನುವುದೇ ಸಮಾಧಾನ. ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ.

ಕಾಲೇಜಿನವರು ಹನ್ನೆರಡು ವಾರದ ತರಬೇತಿಗೆಂದು ಈ ಚಿತ್ರಕಲಾವಿದೆಯ ಹತ್ತಿರ ಕಳಿಸಿ ಆಗಲೇ ಐದು ವಾರವಾಯಿತು. ಕೆಳಗೆ ಅವರು ಚಿತ್ರ ಬರೆಯುವ ದೊಡ್ಡ ಕೋಣೆ, ಮೇಲೆ ನನ್ನ ಗೂಡು. ಮೇಡಂಗೆ ಎಪ್ಪತ್ತು ದಾಟಿದೆ. ಮೊದಲ ದಿನವೇ ಒಂದು ಮಾತು ಹೇಳಿದ್ದರು, 'ಕೇಳದೆ ಏನನ್ನೂ ಮುಟ್ಟಬೇಡ' ಎಂದು. ನಾನು ಕ್ಯಾನ್ವಾಸ್ ಬಿಗಿಯುತ್ತೇನೆ, ಅದಕ್ಕೆ ಬಿಳಿ ಬಳಿದು ಉಪ್ಪುಕಾಗದದಿಂದ ಉಜ್ಜುತ್ತೇನೆ, ಸಂಜೆ ಕುಂಚ ತೊಳೆಯುತ್ತೇನೆ. ಅವರು ದಿನವಿಡೀ ನನಗೆ ಬೆನ್ನು ಹಾಕಿ ನಿಂತಿರುತ್ತಾರೆ. ಅದು ಕೊಡು, ಅಲ್ಲಿಡು, ಸಾಕು. ಒಂದು ದಿನ ಲೆಕ್ಕ ಹಾಕಿದೆ, ಒಟ್ಟು ಒಂಬತ್ತು ಮಾತು, ಅದರಲ್ಲಿ ಎರಡು ಬೆಕ್ಕಿಗೆ. ನೀನು ನನ್ನನ್ನು ಬಾಯಿಬಡುಕಿ ಎನ್ನುತ್ತಿದ್ದೆಯಲ್ಲ, ಈಗ ಬಂದು ನೋಡಬೇಕು. ಭಾನುವಾರ ಬೀದಿಯ ಅಂಗಡಿಗಳೂ ಮುಚ್ಚಿರುತ್ತವೆ. ಒಂದು ಭಾನುವಾರ ಕನ್ನಡಿಯ ಮುಂದೆ ನಿಂತು ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಕೂಗಿಕೊಂಡೆ, ಗಂಟಲು ಸರಿಯಾಗಿದೆಯೋ ಇಲ್ಲವೋ ನೋಡೋಣ ಎಂದು. ಆಮೇಲೆ ಅಳು ಬಂತು.

ಈಗ ನಾನು ಮಾಡಿದ ಘನಕಾರ್ಯ ಕೇಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ, ಆ ಜಾತಿಯದು. ಹೋದ ಭಾನುವಾರವಲ್ಲ, ಅದರ ಹಿಂದಿನ ಭಾನುವಾರ ಮೇಡಂ ತಮ್ಮನ ಮನೆಗೆ ಹೋಗಿದ್ದರು. ಅವರ ಕೋಣೆಗೆ ಬೆಳಕು ಬರುವುದು ಸೂರಿನ ಹತ್ತಿರವಿರುವ ಒಂದು ಅಗಲವಾದ ಕಿಟಕಿಯಿಂದ. ಅದರ ಗಾಜಿನ ಮೇಲೆ ಎಷ್ಟು ವರ್ಷದ ಹೊಗೆಯೋ ಧೂಳೋ, ಕಾಫಿ ಡಿಕಾಕ್ಷನ್ ಬಳಿದ ಹಾಗೆ ಇತ್ತು. ಯಾರಿಗಾದರೂ ಉಪಯೋಗಕ್ಕೆ ಬರೋಣ, ಒಂದು ಒಳ್ಳೆಯ ಮಾತು ಕೇಳೋಣ ಎಂಬ ಆಸೆಗೆ ಏಣಿ ಹಾಕಿ ಹತ್ತಿದೆ. ನೀನು ಕಲಿಸಿದ ಹಾಗೆಯೇ ಸೋಪಿನ ನೀರು, ಆಮೇಲೆ ಹಳೆಯ ಪೇಪರು. ಮೂರು ಗಂಟೆ ಉಜ್ಜಿದೆ. ಆಕಾಶ ಕಂಡಿತು. ಕೆಳಗಿಳಿದು, ಅವರು ಬರೆಯುತ್ತಿದ್ದ ಚಿತ್ರದ ಕಡೆ ನಾನು ನೋಡಲೇ ಇಲ್ಲ.

ಸೋಮವಾರ ಬಂದ ಮೇಡಂ ಚಿತ್ರದ ಮುಂದೆ ನಿಂತವರು ನಿಂತೇಬಿಟ್ಟರು. ಮೇಜಿನ ಮೇಲೆ ಮಡಿಸಿಟ್ಟ ಒಂದು ಬಿಳಿ ಬಟ್ಟೆ, ಅಷ್ಟೇ ಚಿತ್ರ. ಐದು ತಿಂಗಳ ಕೆಲಸ. 'ಇದನ್ನ ಯಾರಾದ್ರೂ ಮುಟ್ಟಿದ್ರಾ?' ಎಂದರು. ಇಲ್ಲ ಮೇಡಂ ಎಂದೆ. ಅದು ಸುಳ್ಳಲ್ಲ. 'ನಿಂಗೆ ಇದು ಬಿಳಿ ಕಾಣ್ಸುತ್ತಾ, ನೀಲಿ ಕಾಣ್ಸುತ್ತಾ?' ಎಂದರು. ಒಗೆದ ಬಟ್ಟೆಗೆ ನೀಲಿ ಜಾಸ್ತಿ ಹಾಕಿದ ಹಾಗೆ ಕಾಣುತ್ತಿತ್ತು, ಹಾಗೇ ಹೇಳಿದೆ. ಅವರು ಸ್ಟೂಲಿನ ಮೇಲೆ ಕುಳಿತುಕೊಂಡರು. 'ಮೊನ್ನೆ ತನಕ ನಂಗೆ ಬಿಳಿ ಕಾಣ್ತಿತ್ತಲ್ಲ' ಎಂದರು. ಅವರಿಗೆ ಕತ್ತು ನೋವು, ತಲೆ ಎತ್ತಿ ಮೇಲೆ ನೋಡುವವರಲ್ಲ. ನನಗೆ ಹೊಳೆದದ್ದೂ ಮರುದಿನವೇ. ಕೊಳೆ ಗಾಜಿನ ಹಳದಿ ಬೆಳಕಿಗೆ ಸರಿಹೊಂದುವಂತೆ ಅವರು ಬಿಳಿಗೆ ನೀಲಿ ಕಲಸಿಕೊಂಡು ಬಂದಿದ್ದರು, ನಾನು ಆ ಹಳದಿಯನ್ನು ಒರೆಸಿ ಬಕೆಟ್ಟಿಗೆ ಹಾಕಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರು ಮಾತ್ರ ತಮ್ಮ ಕಣ್ಣೇ ಕೆಟ್ಟಿತು ಎಂದುಕೊಂಡಿದ್ದಾರೆ. ಕಣ್ಣಿನ ಡಾಕ್ಟರು ಎಲ್ಲ ಸರಿ ಇದೆ ಎಂದರೂ ನಂಬುತ್ತಿಲ್ಲ. 'ಅವರಿಗೆ ಅಕ್ಷರ ಓದ್ಸೋದು ಗೊತ್ತು, ಬಣ್ಣ ಏನು ಗೊತ್ತು' ಎನ್ನುತ್ತಾರೆ.

ಹೊಳೆದಾಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಮೊದಲು ಹೆದರಿಕೆ. ಮುಟ್ಟಬೇಡ ಎಂದದ್ದನ್ನು ಮುಟ್ಟಿದ್ದೆ, ತರಬೇತಿಯ ಪತ್ರಕ್ಕೆ ಅವರ ಸಹಿ ಬೇಕು. ಆದರೆ ಅಜ್ಜಿ, ಹೆದರಿಕೆ ಎರಡೇ ದಿನಕ್ಕೆ ಹೋಯಿತು. ಆಮೇಲಿನದು ಹೇಳಲು ನಾಚಿಕೆ. ಅವರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳತೊಡಗಿದರು. 'ಬಾ, ನಿನ್ನ ಕಣ್ಣು ಸ್ವಲ್ಪ ಕೊಡು' ಎಂದು ಕರೆದು, ಇದು ಕೆಂಪೋ ಕಂದೋ ಎಂದು ನನ್ನನ್ನೇ ಕೇಳುತ್ತಾರೆ. ಚಹಾ ಈಗ ಇಬ್ಬರೂ ಒಟ್ಟಿಗೆ ಕುಡಿಯುತ್ತೇವೆ. ತಮ್ಮ ಚಿಕ್ಕಂದಿನ ಕಥೆ ಹೇಳುತ್ತಾರೆ, ನನ್ನ ಬಗ್ಗೆಯೂ ಕೇಳುತ್ತಾರೆ, ನಿನ್ನ ಕಿವಿಯ ಮೆಷಿನ್ನಿನ ಸಂಗತಿ ಕೇಳಿ ನಕ್ಕರು. ಇಲ್ಲಿಗೆ ಬಂದ ಮೇಲೆ ನನಗೆ ಸುಖವಾಗಿ ಕಳೆದದ್ದು ಈ ಹತ್ತು ದಿನ. ಪಕ್ಕದಲ್ಲಿ ಕುಳಿತ ಮುದುಕಿ ಮತ್ತೆ ಮತ್ತೆ ಕಣ್ಣು ಉಜ್ಜಿಕೊಳ್ಳುತ್ತಿದ್ದಾರೆ, ನಾನು ಬಿಸ್ಕತ್ತು ತಿನ್ನುತ್ತಿದ್ದೇನೆ. ಸತ್ಯ ಬಿಸಿ ತುಪ್ಪದ ಹಾಗೆ ಬಾಯಲ್ಲಿದೆ, ಉಗುಳಲೂ ಆಗದು, ನುಂಗಲೂ ಆಗದು.

ಇವತ್ತು ಬೆಳಿಗ್ಗೆ ಅವರು ಪ್ರದರ್ಶನ ಏರ್ಪಡಿಸುವವರಿಗೆ ಒಂದು ಕಾಗದ ಬರೆದು ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು. ಮುಂದಿನ ತಿಂಗಳ ಪ್ರದರ್ಶನ ಬೇಡ, ಇನ್ನು ಚಿತ್ರವನ್ನೇ ಬರೆಯುವುದಿಲ್ಲ ಎಂದು ಬರೆದಿದ್ದಾರಂತೆ. 'ಐವತ್ತು ವರ್ಷ ಆಯ್ತು, ಸಾಕು ಬಿಡು' ಎಂದರು. ಅದು ನನ್ನ ಚೀಲದಲ್ಲಿದೆ. ನಾನು ಏನು ಮಾಡಲಿ? ನೀನು ಉತ್ತರ ಬರೆದು ಅದು ನನಗೆ ತಲುಪುವ ಹೊತ್ತಿಗೆ ವಾರ ಕಳೆದಿರುತ್ತದೆ, ಗೊತ್ತು. ಆದರೂ ಕೇಳುತ್ತಿದ್ದೇನೆ.

ಚಿಕ್ಕಪ್ಪನಿಗೆ, ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಈ ಕಾಗದವನ್ನು ಅವರ ಕೈಗೆ ಮಾತ್ರ ಕೊಡಬೇಡ. ಎಣ್ಣೆ ಹಚ್ಚಿಕೋ.

ನಿನ್ನ ಬೈಗುಳಕ್ಕೂ ಆಶೀರ್ವಾದಕ್ಕೂ ಕಾದಿರುವ,
ನಿನ್ನ ಮೊಮ್ಮಗಳು

ತಾ.ಕ.: ಅಂಚೆ ಪೆಟ್ಟಿಗೆಯ ಮೇಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಎರಡೂ ಕವರು ಹಿಡಿದು ಇಲ್ಲಿ ಬಹಳ ಹೊತ್ತು ನಿಂತೆ. ಅವರದನ್ನು ಹಾಕುವುದಿಲ್ಲ. ವಾಪಸು ಅವರ ಕೈಗೇ ಕೊಟ್ಟು ಎಲ್ಲ ಹೇಳಿಬಿಡುತ್ತೇನೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಮೇಡಂ ಎಂಬುದನ್ನು ಮೊದಲು ಹೇಳಬೇಕು, ಕಿಟಕಿಯ ಮಾತು ಆಮೇಲೆ. ಕಳಿಸಿಬಿಡುತ್ತಾರೋ ಇಟ್ಟುಕೊಳ್ಳುತ್ತಾರೋ ತಿಳಿಯದು. ಇಟ್ಟುಕೊಂಡರೂ ನಾಳೆಯಿಂದ ಅವರಿಗೆ ನನ್ನ ಕಣ್ಣು ಬೇಕಾಗುವುದಿಲ್ಲ. ನೀನು ಬೇಗ ಬರೆ ಅಜ್ಜಿ.