ಬಲೆಯ ಪಾಲು

ಪ್ರೀತಿಯ ಪಪ್ಪಾ,

ಮನೆಯಲ್ಲಿ ನಾವು ತುಳುವಿನಲ್ಲೇ ಮಾತಾಡುವವರು. ಆದರೆ ಈ ವಿಷಯ ಹೇಳಲೆಂದು ಮೂರು ಸಲ ಕಾಪುವಿಗೆ ಬಂದೆ, ಮೂರು ಸಲವೂ ಮೀನು ಸಾರು ಉಂಡು ಸುಮ್ಮನೆ ಮಣಿಪಾಲದ ಬಸ್ಸು ಹತ್ತಿದೆ. ತುಳುವಿನಲ್ಲಿ ಬಾಯಿ ಬರಲಿಲ್ಲ. ಹಾಗಾಗಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ದೋಣಿ ದಡಕ್ಕೆ ಬಂದು ಮೀನು ಮಾರಿದ ಮೇಲೆ ನೀವು ಮೊದಲು ಮುಂದಿನ ಹೊಸ ಬಲೆಗೆಂದು ಬಲೆಯ ಪಾಲು ತೆಗೆದಿಟ್ಟು, ಉಳಿದ ದುಡ್ಡನ್ನು ಮಾತ್ರ ದೋಣಿಯ ನಾಲ್ವರಿಗೆ ಹಂಚುತ್ತಿದ್ದಿರಿ. ನನ್ನ ಕಾಲೇಜು ಫೀಸಿಗೂ ಅದನ್ನು ಮುಟ್ಟಲಿಲ್ಲ. "ಅದು ನಮ್ಮದಲ್ಲ ಮಗಾ, ಬಲೆಯದ್ದು" ಎಂದು ಅಮ್ಮನ ಬಳೆ ಅಡವಿಟ್ಟಿರಿ. ನಾನು ಕೆಲಸಕ್ಕೆ ಸೇರಿದ ಮೇಲೆ ಆ ಪಾಲನ್ನು ನನ್ನ ಖಾತೆಗೆ ಹಾಕತೊಡಗಿದಿರಿ.

ಆಫೀಸಿನ ಮನೀಶ್ ನನಗೆ ಮೊಬೈಲಿನಲ್ಲಿ ಪೋಕರ್ ಕಲಿಸಿದ. ದುಡ್ಡು ಕಟ್ಟಿ ಆಡುವ ಇಸ್ಪೀಟು ಅದು. "ಒಂದು ಮೇಜಿಗೆ ಕೂರಲು ಎಷ್ಟು ಬೇಕೋ ಅದರ ನಲವತ್ತು ಪಟ್ಟು ಕೈಯಲ್ಲಿ ಇರಬೇಕು ಮಾರಾಯ್ತಿ, ಇಲ್ಲದಿದ್ದರೆ ಸಣ್ಣ ಮೇಜೇ ಸಾಕು" ಎಂದಿದ್ದ. ಎಷ್ಟು ಚೆನ್ನಾಗಿ ಆಡಿದರೂ ಸಾಲಾಗಿ ಹತ್ತು ಸಲ ಸೋಲುವುದುಂಟು, ಅದನ್ನು ತಡೆದುಕೊಳ್ಳಲು ಆ ಲೆಕ್ಕ. ಒಂದು ವರ್ಷ ನಾನು ಐನೂರರ ಮೇಜು ದಾಟಲಿಲ್ಲ. ನನ್ನ ಇಪ್ಪತ್ತು ಸಾವಿರ ಇಪ್ಪತ್ತನಾಲ್ಕಾಯಿತು. ಸಾಲ ಮಾಡಿ ಆಡುವವರನ್ನು ಕಂಡು ನಗುತ್ತಿದ್ದೆ. ನನಗೆ ಶಿಸ್ತು ಉಂಟು ಎಂಬ ಜಂಬ.

ಕಳೆದ ಏಪ್ರಿಲ್‌ನಲ್ಲಿ ಖಾತೆಯಲ್ಲಿ ಎಂಬತ್ತು ಸಾವಿರ ಕಂಡಿತು. ಅದರಲ್ಲಿ ಐವತ್ತಾರು ನಿಮ್ಮ ಬಲೆಯದ್ದು. ಅದನ್ನು ಮುಟ್ಟುವುದಿಲ್ಲ, ಲೆಕ್ಕಕ್ಕೆ ಮಾತ್ರ ಹಿಡಿಯುತ್ತೇನೆ ಎಂದುಕೊಂಡು, ಎಂಬತ್ತನ್ನು ನಲವತ್ತರಿಂದ ಭಾಗಿಸಿ ಎರಡು ಸಾವಿರದ ಮೇಜಿಗೆ ಕುಳಿತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನನಗೂ ಗೊತ್ತಿತ್ತು, ಪಪ್ಪಾ. ನಿಮ್ಮ ಹಾಸಿಗೆಯನ್ನೂ ಸೇರಿಸಿ ಅಳೆದೆ. ಹನ್ನೆರಡು ಸೋಲಿಗೆ ನನ್ನದು ಮುಗಿಯಿತು. ಗೆದ್ದು ತುಂಬಿಸುತ್ತೇನೆಂದು ನಿಮ್ಮದಕ್ಕೆ ಕೈ ಹಾಕಿದೆ. ಮೇ ಮುಗಿಯುವಷ್ಟರಲ್ಲಿ ಅದೂ ಇಲ್ಲ.

ಮಳೆಗಾಲಕ್ಕೆ ಮುಂಚೆ ನೀವು ಹೊಸ ಬಲೆಗೆ ದುಡ್ಡು ಕೇಳಿದಿರಿ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದೇನೆ, ಈಗ ತೆಗೆದರೆ ಬಡ್ಡಿ ಹೋಗುತ್ತದೆ ಎಂದೆ. ನಿಮಗೆ ಎಷ್ಟು ಖುಷಿಯಾಯಿತು. "ಹಾಗಾದರೆ ಅದು ಅಲ್ಲೇ ಬೆಳೆಯಲಿ" ಎಂದು ಹಳೆಯ ಬಲೆಗೇ ತೇಪೆ ಹಾಕಿ ಕಡಲಿಗೆ ಇಳಿದಿರಿ. ಬೂತಾಯಿ ಮೀನು ತುಂಬಿ ಬಂದ ದಿನವೇ ಅದು ಹರಿಯಿತು. ಸ್ವಂತ ದೋಣಿ ಇದ್ದೂ ನೀವು ಐವತ್ತೆಂಟನೇ ವಯಸ್ಸಿನಲ್ಲಿ ಮಲ್ಪೆಗೆ ಹೋಗಿ ಇನ್ನೊಬ್ಬರ ಬೋಟಿನಲ್ಲಿ ದುಡಿಯುತ್ತಿದ್ದೀರಿ. ಆ ಎಫ್‌ಡಿ ಇಲ್ಲ ಪಪ್ಪಾ. ಯಾವತ್ತೂ ಇರಲಿಲ್ಲ.

ನೀವು ಬೈದರೆ ಸಹಿಸುತ್ತೇನೆ. ಆದರೆ ಈಗಲೂ ಪ್ರತಿ ಶನಿವಾರ ಕೂಲಿಯಿಂದ ಏಳುನೂರು ತೆಗೆದು ನನ್ನ ಖಾತೆಗೆ ಹಾಕಿ, "ಬಲೆಗೆ ಸೇರಿಸು ಮಗಾ" ಎನ್ನುತ್ತೀರಲ್ಲ, ಅದನ್ನು ಸಹಿಸಲಾಗುವುದಿಲ್ಲ. ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಿಲ್ಲ. ನಾನು ಹೀಗೆಂದರೆ ನೀವು ನಂಬಿಬಿಡುತ್ತೀರಿ, ನನಗೆ ಅದೇ ಹೆದರಿಕೆ. ಈ ಶನಿವಾರದಿಂದ ಆ ಏಳುನೂರನ್ನು ಅಮ್ಮನ ಕೈಗೆ ಕೊಡಿ.

ಕಡಲು ನಿಮ್ಮನ್ನು ದಿನವೂ ಕ್ಷೇಮವಾಗಿ ದಡ ಸೇರಿಸಲಿ.

ನಿಮ್ಮ ಮಗಳು,
ಹರ್ಷಿಣಿ