ಗರ್ಭಕಂಠಕ್ಕೂ ಸರಾಸರಿ ತೆಗೆದ ಕಚೇರಿಗೆ

ದೊಡ್ಡಾಸ್ಪತ್ರೆಯ ತಪಾಸಣಾ ಅನುಮೋದನಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಒಂದಕ್ಕೆ ಮೂರು ಕೂಡಿಸಿದರೆ ನಾಲ್ಕು, ನಾಲ್ಕನ್ನು ಎರಡರಿಂದ ಭಾಗಿಸಿದರೆ ಎರಡು. ತಮ್ಮ ಲೆಕ್ಕ ಸರಿಯಾಗಿದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಕಲಿಸಿಯೇ ತಲೆ ನರೆತಿರುವ ನಾನು ಇದಕ್ಕೆ ಪೂರ್ತಿ ಅಂಕ ಕೊಡಲೇಬೇಕು. ನನ್ನ ದೂರು ಇಷ್ಟೇ: ತಾವು ಕೂಡಿಸಿ ಭಾಗಿಸಿದ್ದು ನನ್ನ ತಂಗಿಯ ಗರ್ಭಕಂಠವನ್ನು. ಇಬ್ಬರು ವೈದ್ಯರ ಅಭಿಪ್ರಾಯ ಬೇರೆ ಬೇರೆಯಾದಾಗ ಯಾರದ್ದು ಸರಿಯೆಂದು ತಿಳಿಯಲು ನೆರವಾಗುವ ಪ್ರೋಟೀನ್ ಪರೀಕ್ಷೆ ತಮ್ಮದೇ ಕಟ್ಟಡದಲ್ಲಿತ್ತು. ಅದಕ್ಕೆ ಒಪ್ಪಿಗೆ ಕೊಡುವ ಬದಲು ತಾವು ಸರಾಸರಿ ತೆಗೆದಿರಿ. ಆ ಸರಾಸರಿಯ ಫಲವನ್ನು ಅವಳು ಈಗ ನಮ್ಮ ಮನೆಯಲ್ಲಿ ಮಲಗಿಕೊಂಡೇ ಅನುಭವಿಸುತ್ತಿದ್ದಾಳೆ.

ತಮಗೆ ನೆನಪಿರಲಾರದು, ಆದ್ದರಿಂದ ಹೇಳುತ್ತೇನೆ. ನನ್ನ ತಂಗಿ ಸಿಟಿ ಬಸ್ಸಿನ ಕಂಡಕ್ಟರ್. ದಿನವಿಡೀ ನಿಂತೇ ಇರುವವಳು, ಚಿಲ್ಲರೆ ಇಲ್ಲವೆನ್ನುವವರ ಜೇಬಿನಿಂದಲೂ ಚಿಲ್ಲರೆ ಹೊರಡಿಸುವವಳು. ಎರಡು ಬಾರಿ ಬಸಿರಾಗಿ, ಎರಡೂ ನಿಲ್ಲದೆ, ಮೂರನೆಯದಕ್ಕೆ ಆಸೆಯಿಟ್ಟುಕೊಂಡಿದ್ದಳು. ಡಿಪೋದಲ್ಲಿ ಹೆಂಗಸರಿಗೆಂದು ತಪಾಸಣೆ ನಡೆದಾಗ ಇವಳದ್ದರಲ್ಲಿ ಏನೋ ಅನುಮಾನ ಬಂದು, ತಮ್ಮ ಆಸ್ಪತ್ರೆಯಲ್ಲಿ ಗರ್ಭಕಂಠದಿಂದ ಚೂರು ತೆಗೆದು ಬಯಾಪ್ಸಿಗೆ ಕೊಟ್ಟರು. ಕ್ಯಾನ್ಸರ್ ಇರಲಿಲ್ಲ. ಮುಂದೆಂದಾದರೂ ಕ್ಯಾನ್ಸರ್ ಆಗಬಹುದಾದ ಬದಲಾವಣೆ ಇತ್ತು. ಅದಕ್ಕೆ ದರ್ಜೆಗಳಿವೆಯಂತೆ. ಒಂದನೇ ದರ್ಜೆಯಾದರೆ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ, ಆಗಾಗ ನೋಡಿಸಿಕೊಂಡರೆ ಸಾಕು. ಮೂರನೆಯದಾದರೆ ಕಾಯುವಂತಿಲ್ಲ, ಆ ಭಾಗವನ್ನು ಕತ್ತರಿಸಿ ತೆಗೆಯಬೇಕು. ಕತ್ತರಿಸಿದರೆ ಮುಂದೆ ಬಸಿರನ್ನು ತುಂಬುದಿಂಗಳವರೆಗೆ ಹಿಡಿದಿಡುವ ಬಲ ಗರ್ಭಕಂಠಕ್ಕೆ ಕಡಿಮೆಯಾಗಬಹುದು. ಅಂದರೆ ಒಂದೋ ಮೂರೋ ಎಂಬುದು ನನ್ನ ತಂಗಿಗೆ ಅಂಕಪಟ್ಟಿಯ ವಿಷಯವಾಗಿರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದ ಮೊದಲ ವೈದ್ಯರು ಒಂದು ಎಂದರು. ಅದೇ ಚೂರನ್ನು ನೋಡಿದ ಎರಡನೆಯವರು ಮೂರು ಎಂದರು. ಇಬ್ಬರೂ ಅನುಭವಿಗಳೇ. ಕಣ್ಣಿಗೆ ಕಾಣುವ ಆಕಾರವನ್ನಷ್ಟೇ ನಂಬಿ ದರ್ಜೆ ಕೊಡುವಾಗ ಇಂಥ ಭಿನ್ನಾಭಿಪ್ರಾಯ ಸಾಮಾನ್ಯವೆಂದು ಲ್ಯಾಬಿನ ಮುಖ್ಯ ವೈದ್ಯೆ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಈ ಬದಲಾವಣೆ ತರುವ ವೈರಸ್ಸು ಜೀವಕೋಶದ ಹಿಡಿತ ತಪ್ಪಿಸಿದ್ದರೆ ಅದರೊಳಗೆ ಒಂದು ಬಗೆಯ ಪ್ರೋಟೀನ್ ಗುಡ್ಡೆ ಬೀಳುತ್ತದೆ. ಆ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಔಷಧ ಹಾಕಿ ಬಣ್ಣ ಹಿಡಿಸಿದರೆ, ಅಪಾಯವಿರುವ ಕಡೆ ಪದರಪೂರ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ಅಲ್ಲೊಂದು ಇಲ್ಲೊಂದು ಚುಕ್ಕೆ ಕಾಣಬಹುದು, ಅಷ್ಟೆ. ಹೊಸದಾಗಿ ಚೂರು ತೆಗೆಯಬೇಕಾಗಿಲ್ಲ, ಮೇಣದ ಅಚ್ಚಿನಲ್ಲಿ ಕೂರಿಸಿಟ್ಟ ಹಳೆಯ ಚೂರೇ ಸಾಕು. ಇದೇನು ದೇವವಾಕ್ಯವಲ್ಲ, ಆದರೆ ಇಬ್ಬರ ಕಣ್ಣು ಜಗಳವಾಡುತ್ತಿರುವಾಗ ಒಳ್ಳೆಯ ಮಧ್ಯಸ್ಥ ಎಂದರು. ಔಷಧದ ಸೀಸೆ ಅವರದೇ ಫ್ರಿಜ್ಜಿನಲ್ಲಿತ್ತು. ತಮ್ಮ ಒಪ್ಪಿಗೆಯೊಂದಿದ್ದರೆ ಎರಡು ದಿನದ ಕೆಲಸ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಲ್ಯಾಬಿನ ಕೋರಿಕೆ ತಮ್ಮ ಕಚೇರಿಯಿಂದ ಮರಳಿ ಬಂತು. ಅದರ ಮೇಲಿದ್ದ ಷರಾ ನನಗೆ ಬಾಯಿಪಾಠವಾಗಿದೆ: "ವೈದ್ಯರ ಅಭಿಪ್ರಾಯಗಳು ಒಂದು ಮತ್ತು ಮೂರು ಇರುವುದರಿಂದ ಮಧ್ಯದ ದರ್ಜೆಯಾದ ಎರಡನ್ನು ಅಂತಿಮವೆಂದು ಪರಿಗಣಿಸತಕ್ಕದ್ದು. ಹೆಚ್ಚುವರಿ ಪರೀಕ್ಷೆ ಅನಗತ್ಯ." ಎಂಥ ನಿಷ್ಪಕ್ಷಪಾತಿಗಳು ತಾವು! ಯಾರ ಮನಸ್ಸನ್ನೂ ನೋಯಿಸಲಿಲ್ಲ. ಬಸ್ಸು ಎಂಟಕ್ಕೆ ಬರುತ್ತದೆಂದು ಒಬ್ಬರು, ಹತ್ತಕ್ಕೆಂದು ಇನ್ನೊಬ್ಬರು ಹೇಳಿದರೆ ತಾವು ಒಂಬತ್ತಕ್ಕೆ ನಿಲ್ದಾಣಕ್ಕೆ ಹೋಗುವವರೇ? ಅಥವಾ ಬಸ್ಸಿನ ವೇಳೆ ಬರೆದಿಟ್ಟ ಫಲಕದತ್ತ ಒಮ್ಮೆಯಾದರೂ ಕತ್ತೆತ್ತಿ ನೋಡುವಿರೇ? ನಮ್ಮ ಶಾಲೆಯ ಹುಡುಗರ ಉತ್ತರ ಪತ್ರಿಕೆಯಲ್ಲಿ ಇಬ್ಬರು ಮೌಲ್ಯಮಾಪಕರ ನಡುವೆ ಇಷ್ಟು ಅಂತರ ಬಂದರೆ ಮೂರನೆಯವರ ಬಳಿಗೆ ಕಳಿಸುತ್ತೇವೆ. ಹೆಂಗಸಿನ ಒಡಲಿಗೆ ಅಷ್ಟು ಮರ್ಯಾದೆ ಸಲ್ಲುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ, ಕ್ಷಮಿಸಬೇಕು.

ಆಮೇಲೆ ನಾನು ಖುದ್ದಾಗಿ ತಮ್ಮ ಕೋಣೆಗೆ ಬಂದೆ. ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ, ಗೋಡೆಯ ಮೇಲೆ ನಗುನಗುತ್ತಿರುವ ತಾಯಿ ಮಗುವಿನ ದೊಡ್ಡ ಚಿತ್ರ. ತಾವು ಒಳ್ಳೆಯ ಸಂಕೋಚದ ಸ್ವಭಾವದವರು. ಇಡೀ ಮಾತುಕತೆಯಲ್ಲಿ ಗರ್ಭಕಂಠ ಎಂಬ ಶಬ್ದ ತಮ್ಮ ಬಾಯಿಂದ ಬರಲಿಲ್ಲ. "ಆ ಭಾಗ" ಎಂದಿರಿ, ಅದನ್ನೂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಎಂದಿರಿ. ಹೆಸರು ಹೇಳಲೂ ನಾಚುವ ಭಾಗಕ್ಕೆ ದರ್ಜೆ ಕೊಡಲು ಮಾತ್ರ ಕೈ ನಡುಗಲಿಲ್ಲ. ಪರೀಕ್ಷೆ ಏಕೆ ಬೇಡ ಎಂದು ಕೇಳಿದ್ದಕ್ಕೆ ನಿಯಮಾವಳಿಯನ್ನು ನನ್ನ ಮುಂದೆ ತಳ್ಳಿದಿರಿ.

"ನೋಡಿ ಮೇಡಂ, ಕ್ಯಾನ್ಸರ್ ಅಂತ ಖಚಿತ ಆದವರಿಗೆ ಮಾತ್ರ ಈ ಟೆಸ್ಟು. ನಿಮ್ ತಂಗಿಗೆ ಕ್ಯಾನ್ಸರ್ ಅಂತ ಆದ್ರೆ ಬನ್ನಿ, ಅವತ್ತೇ ಸಹಿ ಹಾಕ್ಕೊಡ್ತೀನಿ."

"ಮುಂದೆ ಹಾಗಾಗುತ್ತಾ ಇಲ್ವಾ ಅಂತ ತಿಳ್ಕೊಳ್ಳೋಕೇ ಅಲ್ವಾ ಸಾರ್ ಈ ಟೆಸ್ಟು?" ಎಂದೆ.

"ಅದಕ್ಕೆ ಹೇಳ್ತಿರೋದು, ಮೊದಲು ಖಚಿತ ಆಗ್ಲಿ" ಎಂದಿರಿ, ಬಹಳ ತಾಳ್ಮೆಯಿಂದ.

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಕಚೇರಿಯ ಭಾಷೆಯಲ್ಲಿ ಕೇಳಿದ್ದು ನನಗೆ ಅದೇ ಮೊದಲು. ಹೋಗಲಿ, ಮೇಣದ ಅಚ್ಚನ್ನಾದರೂ ಕೊಡಿ, ಹೊರಗೆ ನಮ್ಮ ಖರ್ಚಿನಲ್ಲೇ ಮಾಡಿಸಿಕೊಳ್ಳುತ್ತೇವೆ ಎಂದು ಬೇಡಿಕೊಂಡೆ. ಚಿಕಿತ್ಸೆ ಮುಗಿಯುವವರೆಗೆ ಅದು ಆಸ್ಪತ್ರೆಯ ಸ್ವತ್ತು ಎಂದಿರಿ. ನನ್ನ ತಂಗಿಯ ಮೈಯ ಚೂರು, ಮಾನ್ಯರೇ. ಅದು ಯಾವಾಗ ತಮ್ಮ ಸ್ವತ್ತಾಯಿತೋ ಅವಳಿಗೂ ತಿಳಿಯದು.

ಎರಡನೇ ದರ್ಜೆ ಎಂಬ ಚೀಟಿ ಹಿಡಿದು ಹೆರಿಗೆ ವಿಭಾಗದ ಡಾಕ್ಟರಮ್ಮನ ಬಳಿ ಹೋದೆವು. ಪಾಪ, ಅವರೇನು ಮಾಡಿಯಾರು? ಅಡ್ಡಗೋಡೆಯ ಮೇಲೆ ದೀಪವಿಟ್ಟಿದ್ದು ಅವರಲ್ಲ. ಕಾಯಬಹುದು ಎಂದರು, ಆದರೆ ಒಬ್ಬರು ಮೂರು ಅಂತಲೂ ಬರೆದಿದ್ದಾರಲ್ಲ ಎಂದೂ ಅಂದರು. ಮನೆಗೆ ಬಂದ ಮೇಲೆ ತಂಗಿ ಊಟ ಬಿಟ್ಟಳು, ಬಸ್ಸಿನಲ್ಲಿ ಟಿಕೆಟ್ ಕೊಂಡವರನ್ನೇ ಮತ್ತೆ ಟಿಕೆಟ್ ಕೇಳತೊಡಗಿದಳು. ಒಂದು ದಿನ ಯೂನಿಫಾರಂ ಕೂಡ ಬಿಚ್ಚದೆ ನನ್ನ ಮನೆಗೆ ಬಂದು ಬಾಗಿಲಲ್ಲೇ ಕೂತಳು.

"ಒಳಗೆ ಏನಿದೆ ಅಂತ ಗೊತ್ತಿಲ್ದೆ ಬದುಕೋಕಾಗಲ್ಲ ಅಕ್ಕ. ಕತ್ತರಿಸಿಬಿಡ್ಲಿ. ಮಗು ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ."

ಕೊನೆಯ ಮಾತು ಸುಳ್ಳೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಆಸ್ಪತ್ರೆಗೆ ಕೈಹಿಡಿದು ಕರೆದುಕೊಂಡು ಹೋದೆ.

ಕತ್ತರಿಸಿದರು. ಆಗ ತಮ್ಮ ನಿಯಮಾವಳಿ ಏಕಾಏಕಿ ಕರುಣೆ ತೋರಿತು ನೋಡಿ. ಶಸ್ತ್ರಕ್ರಿಯೆಯಲ್ಲಿ ತೆಗೆದ ಭಾಗದ ಬಗ್ಗೆ ಭಿನ್ನಾಭಿಪ್ರಾಯವಿದ್ದರೆ ಪ್ರೋಟೀನ್ ಪರೀಕ್ಷೆ ಮಾಡಿಸಬಹುದು ಎಂಬ ಸಾಲು ಅದರಲ್ಲಿತ್ತಂತೆ. ಅಚ್ಚಿನಲ್ಲಿದ್ದ ಹಳೆಯ ಚೂರು, ಹೊಸದಾಗಿ ಕತ್ತರಿಸಿದ್ದು, ಎರಡಕ್ಕೂ ಬಣ್ಣ ಹಾಕಿದರು. ಎರಡರಲ್ಲೂ ಕಂದು ಬಣ್ಣ ಹಿಡಿಯಲಿಲ್ಲ. ಒಂದನೇ ದರ್ಜೆ. ಕಾಯಬಹುದಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ. ಫಲಿತಾಂಶದ ಹಾಳೆ ಕೊಡುತ್ತ ತಮ್ಮ ಕಚೇರಿಯ ಗುಮಾಸ್ತರು "ಒಳ್ಳೆ ಸುದ್ದಿ ಮೇಡಂ, ಏನೂ ಇಲ್ವಂತೆ" ಎಂದು ಮನಸಾರೆ ನಕ್ಕರು. ಆ ಒಳ್ಳೆಯ ಸುದ್ದಿ ಹಿಡಿದುಕೊಂಡು ತಂಗಿಯ ಮನೆಯ ಮೆಟ್ಟಿಲು ಹತ್ತಬೇಕಾದವಳು ನಾನು.

ಅವಳೀಗ ಬಸುರಿ, ಐದು ತಿಂಗಳು. ಗರ್ಭಕಂಠ ಗಿಡ್ಡವಾಗಿದೆಯೆಂದು ಹೊಲಿಗೆ ಹಾಕಿದ್ದಾರೆ. ಹೆಚ್ಚು ಓಡಾಡಬೇಡ, ಭಾರ ಎತ್ತಬೇಡ, ನೋವು ಬಂದರೆ ಕೂಡಲೇ ಬಾ ಎಂದಿದ್ದಾರೆ. ಅವಳೋ, ಓಡಾಡದಿದ್ದರೆ ಸಾಲದೆಂದು ಕೆಮ್ಮುವುದಕ್ಕೂ ಹೆದರುತ್ತಾಳೆ. ಕತ್ತರಿಸಿದ್ದರಿಂದಲೇ ಹೀಗಾಯಿತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಅದೊಂದೇ ಕಾರಣವೆಂದು ಹೇಳಲಾರೆ, ಅದರ ಪಾಲೂ ಇದೆ ಎಂದರು. ಪ್ರಾಮಾಣಿಕರು, ತಿಳಿಯದ್ದನ್ನು ತಿಳಿಯದು ಎನ್ನುವವರು. ತಮ್ಮ ಆಸ್ಪತ್ರೆಯಲ್ಲಿ ಅವರಿಗೆ ಬಡ್ತಿ ಸಿಗುವ ಸಂಭವ ನನಗೇನೂ ಕಾಣುವುದಿಲ್ಲ.

ಇಷ್ಟಾದರೂ ಈ ಪತ್ರ ಬರೆಯುತ್ತಿರಲಿಲ್ಲ. ಬರೆದರೆ ಹೊಲಿಗೆಯೇನೂ ಬಿಗಿಯಾಗುವುದಿಲ್ಲ. ಆದರೆ ಮೊನ್ನೆ ತಂಗಿಯನ್ನು ತೋರಿಸಲು ಕರೆತಂದಾಗ ಬೆಂಚಿನ ಮೇಲೆ ನಮ್ಮ ಪಕ್ಕ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮದುವೆಯಾಗಿ ವರ್ಷವೂ ತುಂಬಿರಲಾರದು. ಕೈಯಲ್ಲಿದ್ದ ಚೀಟಿಯನ್ನು ಬಿಚ್ಚುವುದು, ಮಡಚುವುದು, ಇದೇ ಕೆಲಸ. ಕೊನೆಗೆ ನನ್ನತ್ತ ಬಾಗಿ, "ಅಕ್ಕ, ಎರಡು ಅಂದ್ರೆ ಜಾಸ್ತೀನಾ, ಕಮ್ಮೀನಾ?" ಎಂದು ಕೇಳಿದಳು. ಚೀಟಿ ಈಸಿಕೊಂಡು ನೋಡಿದೆ. ಒಬ್ಬರು ಒಂದು, ಒಬ್ಬರು ಮೂರು, ಕೆಳಗೆ ತಮ್ಮ ಕಚೇರಿಯ ಮೊಹರಿನೊಡನೆ ಎರಡು. ಮುಂದಿನ ವಾರ ಕತ್ತರಿಸುವುದೆಂದು ದಿನ ಗೊತ್ತುಮಾಡಿದ್ದಾರೆ. ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ, ಅದು ಯಾರಿಗೂ ಗೊತ್ತಿಲ್ಲವೆಂಬುದರ ಇನ್ನೊಂದು ಹೆಸರು ಎಂದು ಆ ಮಗುವಿಗೆ ಹೇಗೆ ಹೇಳಲಿ? ಮಾತಾಡಿದವಳು ನನ್ನ ತಂಗಿ. "ಲ್ಯಾಬಿಗೆ ಹೋಗಿ ಪ್ರೋಟೀನ್ ಟೆಸ್ಟ್ ಮಾಡಿಸಿ ಅಂತ ಕೇಳಮ್ಮ. ಅದು ಬರೋವರೆಗೂ ಆ ಟೇಬಲ್ ಮೇಲೆ ಮಲಗಬೇಡ" ಎಂದಳು. ಆ ಹೆಣ್ಣುಮಗಳು ಹೋಗಿ ಕೇಳಿದಳಂತೆ. ಅನುಮೋದನೆ ಇಲ್ಲ ಎಂದರಂತೆ.

ಆದ್ದರಿಂದ, ಮಾನ್ಯರೇ, ನಮಗೆ ಪರಿಹಾರ ಬೇಡ, ವಿಷಾದಪತ್ರ ಬೇಡ, ವಿಚಾರಣಾ ಸಮಿತಿಯಂತೂ ಬೇಡವೇ ಬೇಡ. ಇಬ್ಬರು ವೈದ್ಯರ ಮಾತು ಕೂಡದೆ ಇರುವ ಪ್ರತಿ ಹೆಂಗಸಿನ ಚೂರಿಗೂ ಕತ್ತರಿ ತಾಗುವ ಮೊದಲೇ ಆ ಪರೀಕ್ಷೆಯಾಗಬೇಕೆಂದು ಆದೇಶ ಹೊರಡಿಸಿ. ಅದಕ್ಕೆ ಸಮಯ ಹಿಡಿಯುತ್ತದೆ, ಬಲ್ಲೆ. ಆದರೆ ಆ ಹೆಣ್ಣುಮಗಳದ್ದಕ್ಕೆ ಇಂದೇ ಸಹಿ ಹಾಕಿ. ಅವಳ ಚೂರು ತಮ್ಮ ಕೋಣೆಯ ಕೆಳಗಿನ ಮಹಡಿಯಲ್ಲಿದೆ. ಕಂದು ಬಣ್ಣ ಬಂದರೆ ಧೈರ್ಯವಾಗಿ ಕತ್ತರಿಸಿಕೊಳ್ಳಲಿ, ಬಾರದಿದ್ದರೆ ಮನೆಗೆ ಹೋಗಲಿ. ಅವಳಿಗಿನ್ನೂ ಒಂದು ವಾರವಿದೆ. ನಮಗೆ ಇರಲಿಲ್ಲ.

ಇಂತಿ,
ಪಕ್ಕದ ಕೋಣೆಯಲ್ಲಿ ತಂಗಿ ಮಗ್ಗುಲು ಬದಲಿಸಿದರೂ ಬರೆಯುವುದನ್ನು ಬಿಟ್ಟು ಎದ್ದು ಓಡುವ
ಒಬ್ಬ ಅಕ್ಕ